ಲಾರಿ ತೆಗೆದ ಹಾಡು

ನಂತೂರಿನಿಂದ ಪಡೀಲ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಮನೆ ಮಾಡಿಕೊಂಡವನಿಗೆ ಹಾಡು ರೆಕಾರ್ಡ್ ಮಾಡುವ ಆಸೆ ಇರಬಾರದು. ಇದ್ದರೆ ಡೆನ್ಜಿಲ್‌ನ ಗತಿಯೇ. ಏರಿನಲ್ಲಿ ಗೇರ್ ಬದಲಿಸುವ ಲಾರಿಗಳು ಅವನ ಅಡುಗೆಮನೆಯ ಮೂಲಕವೇ ಹಾದುಹೋದಂತೆ ಗುಡುಗುತ್ತಿದ್ದವು. ಆ ಸದ್ದಿನಲ್ಲೇ ಉಂಡು ಮಲಗಿ ಅಭ್ಯಾಸವಾಗಿ, ಎಷ್ಟೋ ವರ್ಷಗಳಿಂದ ಅವನಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಮೈಕ್ ತಂದ ದಿನದಿಂದ ಮತ್ತೆ ಕೇಳಿಸತೊಡಗಿತು.

ಮೈಕ್ ತಂದದ್ದು ತೆರೆಸಾ ಮಾವ್ಶಿಗಾಗಿ. ಮಾವ್ಶಿ ಅಂದರೆ ಅವನ ತಾಯಿಯ ತಂಗಿ, ಆದರೆ ಅವರ ಊರಾದ ಕುಲಶೇಖರದಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಮಾವ್ಶಿಯೇ. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ಸಂಜೆಯ ರೋಸ್‌ಗೆ ಅವರು ಬರಲೇಬೇಕು. ಮದುಮಗಳನ್ನು ಕೂರಿಸಿ ಮನೆಯವರು ಒಬ್ಬೊಬ್ಬರಾಗಿ ಬಂದು ತೆಂಗಿನ ಹಾಲು ಹಚ್ಚುವಾಗ ಮಾವ್ಶಿ ವೊವಿಯೊ ಎತ್ತಿಕೊಳ್ಳುತ್ತಿದ್ದರು. ಹಾಲು ಹಚ್ಚಲು ಯಾರು ಬಂದರೋ ಅವರನ್ನೇ ಸ್ವಲ್ಪ ಹೊಗಳಿ, ಸ್ವಲ್ಪ ಕಾಲೆಳೆದು, ಅಲ್ಲಲ್ಲೇ ಕಟ್ಟುವ ಹಾಡು. ಮಾವ್ಶಿ ಒಂದು ಸಾಲು ಹೇಳಿ ನಿಲ್ಲಿಸಿದರೆ ಸುತ್ತ ನಿಂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಗಂಡಸರು ಆ ಹೊತ್ತಿಗೆ ಮನೆಯ ಹಿಂದೆ ಗ್ಲಾಸು ಹಿಡಿದು ರಾಜಕೀಯ ಮಾತಾಡುತ್ತಿರುತ್ತಾರೆ. ಡೆನ್ಜಿಲ್ ಅದಕ್ಕೆ ಹೊರತಾದವನೇನಲ್ಲ.

ಅವನ ಒಬ್ಬಳೇ ಮಗಳು ಸಿಂಥಿಯಾಳ ಮದುವೆ ಗೊತ್ತಾಯಿತು. ಅದರ ಬೆನ್ನಿಗೇ ಮಾವ್ಶಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಆಪರೇಶನ್ ಮದುವೆಗೆ ಮೊದಲೇ ಆಗಬೇಕು, ಸ್ವರ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಸಿಂಥಿಯಾ ಮುಖ ಮುಚ್ಚಿಕೊಂಡು ಅತ್ತಳು. "ಮಾವ್ಶಿ ಹಾಡದಿದ್ದರೆ ನನಗೆ ರೋಸೇ ಬೇಡ" ಎಂದಳು.

"ಅಳ್ಬೇಡ. ಆಪರೇಶನ್‌ಗೆ ಮೊದಲು ರೆಕಾರ್ಡ್ ಮಾಡಿಡುವಾ" ಎಂದ ಡೆನ್ಜಿಲ್. "ಚರ್ಚಿನ ಕೊಯರ್‌ಗೆ ಇಷ್ಟು ವರ್ಷ ಕೀಬೋರ್ಡ್ ಬಾರಿಸಿದ್ದೇನೆ. ಇಷ್ಟು ಆಗುದಿಲ್ವಾ?"

"ಮೊಬೈಲ್‌ನಲ್ಲಿ ಮಾಡು ಮಾರಾಯ, ಇವತ್ತೇ ಮಾಡು" ಎಂದಳು ಹೆಂಡತಿ ಲವೀನಾ. ಆ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಗಳ ರೋಸ್‌ಗೆ ಮೊಬೈಲ್ ರೆಕಾರ್ಡಿಂಗ್ ಹಾಕಿದನೆಂದು ಊರು ಆಡಿಕೊಳ್ಳಬಾರದಲ್ಲ! ಸರಿಯಾದ ಸಾಫ್ಟ್‌ವೇರ್ ಆರಿಸಿ, ಸರಿಯಾಗಿಯೇ ಮಾಡುತ್ತೇನೆಂದು ಹೊರಟ.

ಅಲ್ಲಿಂದ ಶುರುವಾಯಿತು ಮೀನಮೇಷ. "ಆಡಾಸಿಟಿ ಸಾಕು ಸಾರ್, ಫ್ರೀ ಉಂಟು" ಎಂದ ಇನ್ಶೂರೆನ್ಸ್ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಶಫೀಕ್. ಫ್ರೀ ಎಂದ ಮೇಲೆ ಏನೋ ಕೊರತೆ ಇರಲೇಬೇಕೆಂದು ಡೆನ್ಜಿಲ್‌ಗೆ ಅನುಮಾನ. "ಅದು ಬೇಡ, ರೀಪರ್ ಹಾಕು, ಅದ್ರಲ್ಲಿ ಎಂತ ಬೇಕಾದ್ರೂ ಮಾಡ್ಬಹುದು" ಎಂದ ಕುವೈಟ್‌ನಿಂದ ಗೆಳೆಯ ರೋಷನ್. ಹಾಕಿ ತೆರೆದರೆ, ಎಂತ ಬೇಕಾದರೂ ಮಾಡಬಹುದಾದ್ದರಿಂದ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಗ್ಯಾರೇಜ್‌ಬ್ಯಾಂಡ್ ಹೊಗಳಿದ. ಅದು ಆ್ಯಪಲ್ ಇದ್ದವರಿಗೆ ಮಾತ್ರ. ಇನ್ನೊಂದಕ್ಕೆ ಬಾಡಿಗೆ ಮನೆಯಂತೆ ತಿಂಗಳು ತಿಂಗಳು ಕಟ್ಟುತ್ತಿರಬೇಕು. ಮತ್ತೊಂದನ್ನು ತೆರೆದ ಕೂಡಲೇ ಡ್ರಮ್ಮು ಬಡಿಯತೊಡಗಿ, ನಿಲ್ಲಿಸುವುದು ಹೇಗೆಂದು ಹುಡುಕುವಷ್ಟರಲ್ಲಿ ಲವೀನಾ ಪ್ಲಗ್ಗನ್ನೇ ಕಿತ್ತಳು.

ಹಗಲೆಲ್ಲ ಆಫೀಸಿನ ಕಂಪ್ಯೂಟರ್, ಆಮೇಲೆ ನಂತೂರು ಸರ್ಕಲ್ಲಿನಲ್ಲಿ ತೆವಳುವ ಬಸ್ಸು, ಮನೆಗೆ ಬಂದರೆ ಮತ್ತೆ ಕಂಪ್ಯೂಟರ್. ಕಣ್ಣು ಉರಿಯುತ್ತಿತ್ತು, ಬೆನ್ನು ನೋಯುತ್ತಿತ್ತು. ಆದರೂ ಪ್ರತಿ ಸಂಜೆ ಒಂದು ಹೊಸ ಸಾಫ್ಟ್‌ವೇರ್ ಹಾಕಿ, ಮೈಕಿನೆದುರು ಒಂದು 'ನಮಾನ್ ಮರಿಯೆ' ಜಪ ಹೇಳಿ, ಹಿಂದಿನಿಂದ ಗುಡುಗುವ ಲಾರಿಯನ್ನು ಅದು ತೆಗೆಯುತ್ತದೋ ಎಂದು ನೋಡುತ್ತಿದ್ದ. ಲಾರಿ ಹೋದರೆ ಅವನ ಸ್ವರ ಕೊಡಪಾನದೊಳಗಿಂದ ಬಂದಂತೆ ಕೇಳುತ್ತಿತ್ತು. ಸ್ವರ ಉಳಿದರೆ ಲಾರಿಯೂ ಉಳಿಯುತ್ತಿತ್ತು.

"ಅದೇ ಜಪ ಕೇಳಿ ಕೇಳಿ ಮಾತೆ ಮರಿಯಮ್ಮನಿಗೂ ಸಾಕಾಗಿರ್ಬೇಕು" ಎಂದಳು ಲವೀನಾ. ಅವನಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಯಾವುದೋ ಒಂದು ತನ್ನಷ್ಟಕ್ಕೆ ಎಲ್ಲವನ್ನೂ ಮಾಡಿಬಿಡುತ್ತದೆ, ತಾನು ಸುಮ್ಮನೆ ಕುರ್ಚಿಗೊರಗಿ ಕೇಳಬಹುದು ಎಂಬುದೊಂದೇ ಅವನ ಆಸೆ.

ಆರಿಸಿ ಮುಗಿಯುವ ಮೊದಲೇ ಆಪರೇಶನ್ನಿನ ವಾರ ಬಂತು. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡುವವನಂತೆ, ಭಾನುವಾರ ಪೂಜೆ ಮುಗಿದ ಕೂಡಲೇ ಮಾವ್ಶಿಯನ್ನು ರಿಕ್ಷಾದಲ್ಲಿ ಕರೆತಂದ. ಸ್ವರ ಪ್ರತಿಧ್ವನಿಸದಂತೆ ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು, ಹಾಸಿಗೆಗಳನ್ನು ಗೋಡೆಗೊರಗಿಸಿ, ಫ್ಯಾನ್ ಆಫ್ ಮಾಡಿ, ಮೈಕಿನ ಮುಂದೆ ಅವರನ್ನು ಕೂರಿಸಿದ. ಕಿವಿಗೆ ಹೆಡ್‌ಫೋನ್ ಇಟ್ಟು ತಾಳಕ್ಕೆಂದು ಟಿಕ್ ಟಿಕ್ ಹಾಕಿದ.

"ಇದೆಂತ, ಗಡಿಯಾರ ಕಟ್ಟಿದ್ದೀಯಾ ಕಿವಿಗೆ?" ಎಂದು ಮಾವ್ಶಿ ಕಿತ್ತು ಕೊಟ್ಟರು. ಲವೀನಾ ಬಾಗಿಲಲ್ಲಿ ನಿಂತಿದ್ದಳು. "ನೀನು ಹೊರಗೆ ಹೋಗು ಮಾರಾಯ್ತಿ, ಬಳೆ ಸದ್ದಾಗ್ತದೆ" ಎಂದು ಅವಳನ್ನು ಅಟ್ಟಿ ಬಾಗಿಲು ಹಾಕಿದ.

"ನಾನು ಯಾರಿಗೆ ಹಾಡುದು? ಈ ಸೀರೆಗಳಿಗಾ?"

"ಸಿಂಥಿಯಾ ಎದುರಿಗೆ ಕೂತಿದ್ದಾಳೆ ಅಂತ ಗ್ರಹಿಸಿ ಮಾವ್ಶಿ."

ಮಾವ್ಶಿ ಶಿಲುಬೆಯ ಗುರುತು ಮಾಡಿ ಶುರುಮಾಡಿದರು. ಸ್ವರ ಸ್ವಲ್ಪ ನಡುಗುತ್ತಿತ್ತು, ಆದರೆ ಅದೇ ಹಳೆಯ ಸ್ವರ, ತುಂಬಿದ ಚಪ್ಪರದ ಕೊನೆಗೂ ಮುಟ್ಟುವಂಥದ್ದು. ಒಂದು ಸಾಲು ಹೇಳಿ ನಿಲ್ಲಿಸುವರು. ಮುಚ್ಚಿದ ಬಾಗಿಲಿನ ಕಡೆ ನೋಡುವರು. ಆಮೇಲೆ ಮುಂದಿನ ಸಾಲು. ತಾಯಿಗೊಂದು, ಜ್ಞಾನಸ್ನಾನದ ತಾಯಿಯಾದ ದೇವಮಾಯಿಗೊಂದು, ಅಪ್ಪನಿಗೊಂದು ಎಂದು ಹಾಲು ಹಚ್ಚಲು ಬರಬೇಕಾದವರನ್ನೆಲ್ಲ ಮನಸ್ಸಿನಲ್ಲೇ ಕರೆದು ಹಾಡಿದರು. ಬೆವರು ಒರೆಸಿಕೊಳ್ಳುತ್ತ, "ನಿಲ್ಲಿಸಿದಾಗ ಯಾರೂ ಹೇಳದಿದ್ರೆ ಎದೆ ಖಾಲಿ ಖಾಲಿ ಆಗ್ತದೆ ಮಾರಾಯ" ಎಂದರು.

ಡೆನ್ಜಿಲ್‌ಗೆ ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನು ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದ. ಹಾಡುವಾಗ ಮಾವ್ಶಿಯ ಸ್ವರ ಲಾರಿಗಳನ್ನು ಮುಚ್ಚಿಬಿಡುತ್ತಿತ್ತು. ಅವರು ನಿಲ್ಲಿಸಿದಲ್ಲೆಲ್ಲ ಮಾತ್ರ ಹೆದ್ದಾರಿ ಎದ್ದು ಕೂರುತ್ತಿತ್ತು.

ಮರುದಿನ ಸಂಜೆ ಅವನಿಗೆ ದಾರಿ ಹೊಳೆಯಿತು. ಹಾಡು ಇಲ್ಲದ ಜಾಗಗಳನ್ನೆಲ್ಲ ತಾನಾಗಿ ಕತ್ತರಿಸಿ, ಉಳಿದದ್ದನ್ನು ಒಂದಕ್ಕೊಂದು ಜೋಡಿಸುವ ಸೌಲಭ್ಯ ಒಂದು ಸಾಫ್ಟ್‌ವೇರ್‌ನಲ್ಲಿತ್ತು. ಒತ್ತಿದ. ಲಾರಿಗಳೆಲ್ಲ ಮಾಯ! ಸ್ವರ ಕೊಡಪಾನಕ್ಕೂ ಬೀಳಲಿಲ್ಲ, ತಿಳಿನೀರಿನಂತೆ ಉಳಿಯಿತು. ಕೊನೆಗೂ ಸರಿಯಾದ ಸಾಫ್ಟ್‌ವೇರ್ ಸಿಕ್ಕಿತೆಂದು ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೌಟು ಹಿಡಿದು ಬಂದ ಲವೀನಾಳ ಕಿವಿಗೆ ಹೆಡ್‌ಫೋನ್ ಇಟ್ಟ.

"ಚಂದ ಉಂಟು" ಎಂದಳು ಅವಳು ಒಂದೆರಡು ಸಾಲು ಕೇಳಿ. "ಆದ್ರೆ ಮಾವ್ಶಿಗೆ ಎಂತ ಇಷ್ಟು ಅವಸರ? ಬಸ್ಸು ಹಿಡೀಲಿಕ್ಕುಂಟಾ?"

"ನಿನಗೆ ಎಲ್ಲದ್ರಲ್ಲೂ ಕೊಂಕು" ಎಂದು ಅವನು ರೇಗಿದ. ಒಲೆಯ ಮೇಲೆ ಸಾರು ಉಕ್ಕಿದ್ದರಿಂದ ಅವಳು ಮಾತು ಬೆಳೆಸದೆ ಓಡಿದಳು. ಅವನು ಲಾರಿಗಳಿದ್ದ ಹಳೆಯ ರೆಕಾರ್ಡಿಂಗನ್ನು ಅಳಿಸಿ, ಅಷ್ಟಕ್ಕೇ ಲ್ಯಾಪ್‌ಟಾಪ್ ಮುಚ್ಚಿದ. ಇನ್ನೊಮ್ಮೆ ಕೇಳುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

ಆಪರೇಶನ್ ಆಯಿತು. ಗಂಟು ಹೋಯಿತು, ಅದರೊಂದಿಗೆ ಸ್ವರವೂ ಹೋಯಿತು. ಮಾವ್ಶಿ ಹತ್ತಿರ ಕರೆದು ಪಿಸುಗುಟ್ಟಿದರೆ ಮಾತ್ರ ಕೇಳುತ್ತಿತ್ತು.

ರೋಸ್‌ನ ಸಂಜೆ ಅಂಗಳದಲ್ಲಿ ಶಾಮಿಯಾನ, ಸ್ಪೀಕರು, ನೆಂಟರು. ಸಿಂಥಿಯಾ ಹಳೆಯ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಕತ್ತಿಗೆ ಶಾಲು ಸುತ್ತಿಕೊಂಡು ಮಾವ್ಶಿ ಎದುರಿನ ಕುರ್ಚಿಯಲ್ಲಿ ಕೂತರು. ಲವೀನಾ ತೆಂಗಿನ ಹಾಲಿಗೆ ಕೈ ಅದ್ದಿದಳು. ಡೆನ್ಜಿಲ್ ಲ್ಯಾಪ್‌ಟಾಪ್ ಮುಂದೆ ನಿಂತು ಹಾಡು ಬಿಟ್ಟ.

ಮಾವ್ಶಿಯ ಸ್ವರ ಅಂಗಳ ತುಂಬಿತು. ಹೆಂಗಸರು ಕೆನ್ನೆಗೆ ಕೈ ಇಟ್ಟುಕೊಂಡರು. ಮೊದಲ ಸಾಲು ಮುಗಿಯಿತು. ತಿರುಗಿ ಹೇಳಲು ಅವರೆಲ್ಲ ಬಾಯಿ ತೆರೆದರು. ತೆರೆದ ಬಾಯಿಯ ಮೇಲೇ ಎರಡನೆಯ ಸಾಲು ಬಂದು ಬಿತ್ತು. ಕೆಲವರು ಮೊದಲನೆಯದನ್ನು ಹೇಳಿದರು, ಕೆಲವರು ಎರಡನೆಯದಕ್ಕೆ ಹಾರಿದರು. ಹುಡುಗಿಯರು ನಕ್ಕರು. ಮೂರನೆಯದಕ್ಕೆ ಮತ್ತೊಮ್ಮೆ ಪ್ರಯತ್ನಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಹಾಡು ಯಾರ ಹಂಗೂ ಇಲ್ಲದೆ ಓಡುತ್ತಿತ್ತು. ಮಾವ್ಶಿ ತಲೆ ತಗ್ಗಿಸಿ ಕೂತಿದ್ದರು. ಲವೀನಾಳ ಹಾಲಿನ ಕೈ ಮಗಳ ತಲೆಯ ಮೇಲೆ ಹಾಗೆಯೇ ನಿಂತುಬಿಟ್ಟಿತ್ತು.

"ಪಪ್ಪಾ, ಎಂತ ಆಯ್ತು?" ಎಂದಳು ಸಿಂಥಿಯಾ.

ಎಂತ ಆಯಿತೆಂದು ಅವನಿಗೆ ಆಗ ತಿಳಿಯಿತು. ಲಾರಿ ತೆಗೆಯಲು ಹೋಗಿ ಊರವರನ್ನೇ ತೆಗೆದುಹಾಕಿದ್ದ. ಅಷ್ಟು ಜನರೆದುರು ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು. ಹಾಡು ನಿಲ್ಲಿಸಿ ಮೊದಲಿಂದ ಬಿಟ್ಟ. ಮೊದಲ ಸಾಲು ಮುಗಿದ ಕೂಡಲೇ ಸ್ಪೇಸ್ ಬಾರ್ ಒತ್ತಿದ. ಹಾಡು ನಿಂತಿತು. ಹೆದ್ದಾರಿಯಲ್ಲಿ ಲಾರಿಯೊಂದು ಗುಡುಗುತ್ತ ಏರು ಹತ್ತಿತು, ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಲವೀನಾ ಒಬ್ಬಳೇ ಸಾಲು ತಿರುಗಿ ಹೇಳಿದಳು, ಹಿಂದೆಯೇ ಉಳಿದವರೂ ಸೇರಿದರು. ಮತ್ತೆ ಒತ್ತಿದ, ಎರಡನೆಯ ಸಾಲು. ಒತ್ತಿದ, ನಿಂತಿತು.

ಹೀಗೆ ಕತ್ತರಿಸಿದ ಒಂದೊಂದು ಜಾಗವನ್ನೂ ಕೈಯಿಂದ ಹಿಂದೆ ಕೊಡುತ್ತ ಹೋದ. ತಲೆ ಎತ್ತುವಂತಿರಲಿಲ್ಲ. ಎತ್ತಿದರೆ ಸಾಲು ತಪ್ಪುತ್ತಿತ್ತು. ಮಗಳ ರೋಸ್ ಅವನಿಗೆ ಬರೀ ಕಿವಿಗೆ ನಡೆಯುತ್ತಿತ್ತು. ತಾಯಿಯ ಸರದಿ ಮುಗಿಯಿತು, ದೇವಮಾಯಿಯದೂ ಮುಗಿಯಿತು.

"ಅಪ್ಪ ಬರುತ್ತಾನೆ ನೋಡಿ, ನಗುನಗುತ್ತ ಬರುತ್ತಾನೆ" ಎಂಬ ಅರ್ಥದ ಸಾಲನ್ನು ಮಾವ್ಶಿ ಕೊಂಕಣಿಯಲ್ಲಿ ಎತ್ತಿದ್ದರು. ಅವನು ಒತ್ತಿ ನಿಲ್ಲಿಸಿದ. ಹೆಂಗಸರು ತಿರುಗಿ ಹೇಳಿ ಅವನತ್ತ ನೋಡಿದರು. ಸಿಂಥಿಯಾ ಹಾಲು ಸೋರುವ ಮುಖವೆತ್ತಿ ನೋಡಿದಳು. ಅವನು ಕದಲಲಿಲ್ಲ. ಬಿಟ್ಟು ಹೋದರೆ ಹಾಡು ಮತ್ತೆ ಓಡಿಬಿಡುತ್ತದೆ, ನಿಲ್ಲಿಸಿ ಹೋದರೆ ಅಪ್ಪನ ಸಾಲುಗಳಿಲ್ಲದೆ ಹಾಲು ಹಚ್ಚಬೇಕು.

ಆಗ ಅವನ ಹೆಗಲ ಮೇಲೆ ಒಂದು ಕೈ ಬಿತ್ತು. ಮಾವ್ಶಿ ಕುರ್ಚಿಯಿಂದ ಎದ್ದು ಬಂದಿದ್ದರು. ಅವನ ಬೆರಳನ್ನು ಕೀಲಿಯಿಂದ ಎತ್ತಿ, ತಮ್ಮದನ್ನು ಇಟ್ಟರು.

"ಇದುವಾ ಒತ್ತುದು?" ಎಂದು ಪಿಸುಗುಟ್ಟಿದರು. "ನೀನು ಹೋಗು. ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ಗೊತ್ತುಂಟು."

ಡೆನ್ಜಿಲ್ ಹೋಗಿ ಹಾಲಿಗೆ ಕೈ ಅದ್ದಿದ. ಮಗಳ ಹಣೆಗೆ ಶಿಲುಬೆ ಬರೆದ. ಇಷ್ಟು ದಿನದ ಆಯಾಸವೆಲ್ಲ ಅಲ್ಲಿಗೇ ಬಂದು ಇಳಿದಂತಾಯಿತು. ಹಿಂದಿನಿಂದ ಮಾವ್ಶಿಯ ಹಳೆಯ ಸ್ವರ, ನಗುತ್ತ ಬಂದ ಅಪ್ಪ ಹಾಲಿನ ಕೈಯಲ್ಲೇ ಕಣ್ಣೊರೆಸಿಕೊಂಡ ಎಂದು ಹಾಡಿ ನಿಂತಿತು. ಅವನು ಆಗಲೇ ಒರೆಸಿಕೊಳ್ಳುತ್ತಿದ್ದ. ಹೆಂಗಸರು ನಗುತ್ತ ಅದನ್ನು ತಿರುಗಿ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತ ಮುದುಕಿಯೊಬ್ಬರು ಎಲ್ಲರಿಗಿಂತ ನಿಧಾನವಾಗಿ, ಒಬ್ಬರೇ ಹೇಳುತ್ತಿದ್ದರು. ಅವರು ಹೇಳಿ ಮುಗಿಸುವ ತನಕ ಮಾವ್ಶಿ ಮತ್ತೆ ಒತ್ತಲಿಲ್ಲ.