ಅತ್ತೆಯ ಬಾಯಲ್ಲಿ ನೀರೂರಿದಾಗ

ಊಟದ ಹೊತ್ತಿಗೆ ಅತ್ತೆಯ ದವಡೆ ಊದಿಕೊಳ್ಳುತ್ತಿತ್ತು, ಆಮೇಲೆ ತಾನಾಗಿ ಇಳಿಯುತ್ತಿತ್ತು. ಹಲ್ಲಿನದೇ ತಕರಾರು ಎಂದುಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಲಿಗೆಯ ಕೆಳಗೆ ಬೆರಳಾಡಿಸಿ ತಲೆಯಾಡಿಸಿದರು.

"ಜೊಲ್ಲು ಬರೋ ನಾಳದಲ್ಲಿ ಪುಟ್ಟ ಕಲ್ಲು ಕೂತಿದೆ. ರುಚಿಯಾದ್ದರ ವಾಸನೆ ಮೂಗಿಗೆ ಬಡಿದ್ರೆ ಸಾಕು, ಗ್ರಂಥಿ ಜೊಲ್ಲು ಮಾಡುತ್ತೆ. ಹೊರಗೆ ಬರೋಕೆ ದಾರಿ ಇಲ್ಲ, ಅಲ್ಲೇ ಊದ್ಕೊಳ್ಳುತ್ತೆ. ಮುಂದಿನ ವಾರ ಮರಗಟ್ಟಿಸಿ ತೆಗೆದುಬಿಡ್ತೀನಿ. ಅಲ್ಲೀತನಕ ನೀರು ಜಾಸ್ತಿ ಕುಡೀರಿ."

ಅತ್ತೆಗೆ ಕಲ್ಲಿನ ಚಿಂತೆ. ನನ್ನ ಕಿವಿ ನೆಟ್ಟಗಾದದ್ದು ಬೇರೆ ಮಾತಿಗೆ. ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ಅಲ್ಲಿ ನನ್ನ ಅಡುಗೆ ಹೊಗಳದವರಿಲ್ಲ. ಮನೆಯಲ್ಲಿ ಮಾತ್ರ, ಮದುವೆಯಾಗಿ ಬಂದಂದಿನಿಂದ ಅತ್ತೆಯದು ಒಂದೇ ಮಾತು: "ಪರವಾಗಿಲ್ಲ." ದರ್ಜಿ ಕೆಲಸ ಮಾಡಿದ ಹೆಂಗಸು, ತಾನೇ ಹೊಲಿದ ಬಟ್ಟೆಗೂ ಅದಕ್ಕಿಂತ ದೊಡ್ಡ ಮಾತು ಆಡಿದವರಲ್ಲ, ನಿಜ. ಆದರೂ ಅದನ್ನು ಕೇಳಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಈಗ ಅತ್ತೆ ಬಾಯಿ ಬಿಡದಿದ್ದರೂ ದವಡೆ ಹೇಳಿಬಿಡುತ್ತದಲ್ಲ!

ಅಂದೇ ಪರೀಕ್ಷೆಗೆ ಇಳಿದೆ. ನಿಂಬೆಹಣ್ಣಿನ ನೀರಿಗೆ ದವಡೆ ಊದಿತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಳಿಗೆ ಯಾರ ಬಾಯಲ್ಲಾದರೂ ನೀರೂರುತ್ತದೆ. ಉಪ್ಪಿಲ್ಲದ ಆಲೂಗಡ್ಡೆಗೆ ಜಪ್ಪಯ್ಯ ಅಂದರೂ ಊದಲಿಲ್ಲ. ಭಾನುವಾರ ನಾದಿನಿ ತನ್ನ ಮನೆಯಿಂದ ಸೂಪು ತಂದಳು. "ಅಡುಗೆ ಅಂದ್ರೆ ಇದು," ಎಂದು ಅತ್ತೆ ಮಗಳನ್ನು ಹೊಗಳಿದ್ದೇ ಹೊಗಳಿದ್ದು. ನೀರು ಕೊಡುವ ನೆಪದಲ್ಲಿ ಬಗ್ಗಿ ನೋಡಿದೆ. ದವಡೆ ಇದ್ದ ಹಾಗೇ ಇತ್ತು. ಒಳಗೊಳಗೇ ನಕ್ಕೆ.

ಮರುದಿನ ನನ್ನ ಸರದಿ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಬದನೆಕಾಯಿ ಹಾಕಿದೆ. ಕ್ಯಾಂಟೀನಿನಲ್ಲಿ ಇದಕ್ಕೆ ಜಗಳವೇ ಆಗುತ್ತದೆ. ಅತ್ತೆ ಊಟಕ್ಕೆ ಬಂದರು, ಆ ಬಿರುಬೇಸಿಗೆಯಲ್ಲಿ, ಕಿವಿಯಿಂದ ಕತ್ತಿನವರೆಗೆ ಮಫ್ಲರ್ ಸುತ್ತಿಕೊಂಡು.

"ಇದೇನತ್ತೆ, ಸೆಕೆ ಆಗಲ್ವಾ?"

"ಫ್ಯಾನ್ ಗಾಳಿ ಆಗಲ್ಲ ನಂಗೆ."

ಡಾಕ್ಟರ ಮಾತನ್ನು ಕಿವಿಗೊಟ್ಟು ಕೇಳಿದವಳು ನಾನೊಬ್ಬಳೇ ಅಲ್ಲ ಎಂದು ಆಗ ಹೊಳೆಯಿತು. ಎರಡು ತುತ್ತು ತಿಂದು ತಟ್ಟೆ ಸರಿಸಿ, "ಪರವಾಗಿಲ್ಲ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೊಟ್ಟೆ, ಮೀನು, ಅಣಬೆ ಎಲ್ಲ ಮಾಡಿ ನೋಡಿದೆ. ಊಟಕ್ಕೆ ಮೊದಲೇ ಮಫ್ಲರ್ ಹಾಜರು. ಒಂದು ದಿನ ತಟ್ಟೆ ತೆಗೆಯಲು ಹೋದಾಗ ಅತ್ತೆ ಗೋಡೆಗೆ ಮುಖ ಮಾಡಿ ದವಡೆ ಒತ್ತಿ ಹಿಡಿದು ಕೂತಿದ್ದರು. ಪಾಪ ಅನ್ನಿಸಿತು. ಆ ನೋವು ನನ್ನ ಅಡುಗೆಯದೋ ಬೇರೆಯದೋ, ಕೆದಕುವ ಮನಸ್ಸಾಗಲಿಲ್ಲ.

ಕಲ್ಲು ತೆಗೆಸುವ ಹಿಂದಿನ ಸಂಜೆ ಸಪ್ಪೆ ಗಂಜಿ ಕಾಯಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗರಳಿಸಿದರು.

"ಏನೂ ವಾಸನೇನೇ ಇಲ್ವಲ್ಲ."

"ನಿಮಗೆ ನೋಯುತ್ತಲ್ಲ ಅತ್ತೆ. ಇವತ್ತು ಇದೇ ಇರ್ಲಿ."

ಅವರು ತರಕಾರಿ ಬುಟ್ಟಿಯ ಕಡೆ ನೋಡಿದರು.

"ಬದನೆಕಾಯಿ ಇದೆಯಾ?"

"ಇದೆ."

"ಮಾಡು. ಬೆಳ್ಳುಳ್ಳಿ ಹಾಕು."

ಸ್ಟೂಲು ಎಳೆದುಕೊಂಡು ಒಲೆಯ ಪಕ್ಕದಲ್ಲೇ ಕೂತರು. ಬೆಳ್ಳುಳ್ಳಿ ಕೆಂಪಾಗುತ್ತಿದ್ದ ಹಾಗೆ ಮಫ್ಲರ್ ಬಿಚ್ಚಿ, ಎಡಗೆನ್ನೆಯನ್ನು ನನ್ನ ಕಡೆ ತಿರುಗಿಸಿದರು. ಇನ್ನೂ ಒಂದು ತುತ್ತೂ ಬಾಯಿಗೆ ಹೋಗಿಲ್ಲ, ದವಡೆಯ ಕೆಳಗಿನ ಗಂಟು ನನ್ನ ಕಣ್ಣೆದುರೇ ದೊಡ್ಡ ನೆಲ್ಲಿಕಾಯಿಯಷ್ಟಾಯಿತು. ನೋವಿಗೆ ಅವರ ಕಣ್ಣು ತುಂಬಿತು. ಒಲೆ ಆರಿಸಲು ಹೋದರೆ ಕೈ ಹಿಡಿದು ತಡೆದರು.

"ಸರಿಯಾಗಿ ನೋಡ್ಕೋ," ಎಂದರು. "ನಾಳೆಯಿಂದ ಇದು ಇರಲ್ಲ."