ರೆಗ್ಯುಲೇಟರ್ ಕೊಡದ ದ್ಯಾವಮ್ಮ

ಸೊಸೆ ರಾಧ ಬಚ್ಚಲಲ್ಲಿ ಬಿದ್ದಾಗ ದ್ಯಾವಮ್ಮ ಹೊರಗೆ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಒಳಗೆ ಚೊಂಬು ಉರುಳಿದ ಸದ್ದಾಯಿತು. ಎರಡು ಸಲ ಕೂಗಿದರೂ ಉತ್ತರವಿಲ್ಲ. ಬಾಣಂತಿ ಒಳಗಿನಿಂದ ಚಿಲಕ ಹಾಕಕೂಡದು ಎಂದು ಅವಳೇ ಮೊದಲ ದಿನ ಹೇಳಿದ್ದರಿಂದ ಬಾಗಿಲು ತಳ್ಳಿದ ಕೂಡಲೇ ತೆರೆಯಿತು. ಸಣ್ಣ ಕೋಣೆಯ ತುಂಬ ಹಬೆ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಿತ್ತು. ದ್ಯಾವಮ್ಮ ಸೊಸೆಯ ಕಂಕುಳಿಗೆ ಕೈ ಹಾಕಿ ಬಾಲ್ಕನಿಯವರೆಗೆ ಎಳೆದು ತಂದಳು. ಗಾಳಿ ತಾಗಿ ರಾಧ ಕಣ್ಣು ಬಿಟ್ಟಳು, ಆಮೇಲೆ ವಾಂತಿ ಮಾಡಿಕೊಂಡಳು.

ಡಾಕ್ಟರು ರಕ್ತ ಕಡಿಮೆಯೆಂದು ಟಾನಿಕ್ ಬರೆದುಕೊಟ್ಟರು. ದ್ಯಾವಮ್ಮನ ಮಗ ಮುನಿರಾಜು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಡಾಕ್ಟರು ಹೇಳಿದ್ದನ್ನು ಅವನು ನಂಬಿದ. ದ್ಯಾವಮ್ಮ ನಂಬಲಿಲ್ಲ. ರಾಧಳ ತಾಯಿ ಇಲ್ಲವೆಂದು ಬೇತಮಂಗಲದ ಹತ್ತಿರದ ತನ್ನ ಊರಿನಲ್ಲಿ ನಾಲ್ಕು ಹಸುಗಳನ್ನು ಮೈದುನನಿಗೆ ಒಪ್ಪಿಸಿ, ಬಾಣಂತನ ಮಾಡಲು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಈ ಬಾಡಿಗೆ ಮನೆಗೆ ಅವಳು ಬಂದು ಮೂರು ವಾರವಾಗಿತ್ತು.

"ನಂಗೂ ಇಲ್ಲಿ ನೀರು ಉಯ್ಕೊಂಡಾಗೆಲ್ಲ ತಲೆ ತಿರುಗ್ತದೆ ಕಣ್ಲಾ. ನಾನೇನು ಬಾಣಂತೀನಾ?" ಎಂದಳು ಮಗನಿಗೆ.

"ನಿಂಗೆ ಬಿಪಿ ಇರ್ಬೋದಮ್ಮ. ವಯಸ್ಸಾಯ್ತಲ್ಲ."

"ಊರಾಗೆ ಅಂಡೆ ನೀರು ಉಯ್ಕೊಂಡಾಗ ಆ ಬಿಪಿ ಎಲ್ಲಿಗೋಗಿರ್ತದೆ?"

ಮುನಿರಾಜು ಶೂ ಹಾಕಿಕೊಂಡು ಶಿಫ್ಟಿಗೆ ಹೊರಟುಹೋದ.

ದ್ಯಾವಮ್ಮ ಬಚ್ಚಲಿನ ಬಾಗಿಲನ್ನು ಪೂರಾ ತೆರೆದಿಟ್ಟು ನಲ್ಲಿ ತಿರುಗಿಸಿದಳು. ಗೀಸರ್ ಹೊತ್ತಿಕೊಂಡಿತು. ಮುಂಭಾಗದ ಸಣ್ಣ ಕಿಂಡಿಯಲ್ಲಿ ಕಂಡ ಉರಿ ಹಳದಿಯಾಗಿತ್ತು, ನಾಲಗೆಯಂತೆ ಅತ್ತಿತ್ತ ಹೊರಳಾಡುತ್ತಿತ್ತು. ಅಡುಗೆಮನೆಯ ಸ್ಟವ್ ಉರಿಯುತ್ತಿದ್ದದ್ದು ನೀಲಿಯಾಗಿ. ಸಿಲಿಂಡರ್ ಬೇರೆ ಬೇರೆಯಾದರೂ ಎರಡರಲ್ಲೂ ಇದ್ದದ್ದು ಒಂದೇ ಗ್ಯಾಸು. ಗೀಸರಿನ ಮೇಲಿನ ಗೋಡೆಗೆ ಬೆರಳೊತ್ತಿದರೆ ಮಸಿ ಅಂಟಿತು. ಅವಳು ನೀರು ನಿಲ್ಲಿಸಿ ಬಾಲ್ಕನಿಗೆ ಹೋಗಿ, ಗೀಸರಿನ ಸಿಲಿಂಡರಿನಿಂದ ರೆಗ್ಯುಲೇಟರ್ ಕಿತ್ತು ತನ್ನ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು. ಅಂದಿನಿಂದ ಮನೆಯವರಿಗೆಲ್ಲ ಸ್ನಾನದ ನೀರು ಅಡುಗೆಮನೆಯ ಸ್ಟವ್ ಮೇಲೆ ಕಾಯತೊಡಗಿತು.

ಮುನಿರಾಜುವಿಗೆ ಸಿಟ್ಟು ಬಂತು. ಆರಕ್ಕೆ ಡ್ಯೂಟಿಗೆ ಹೊರಡುವವನು ಪಾತ್ರೆ ಹೊತ್ತು ತಿರುಗಬೇಕಾ ಎಂದು ರೇಗಿದ. ದ್ಯಾವಮ್ಮ ಚೀಲವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ನಾಲ್ಕನೆಯ ದಿನ ಅವಳೇ ಬಸ್ಸು ಹತ್ತಿ ಬಂಗಾರಪೇಟೆಗೆ ಹೋದಳು. ಗೀಸರ್ ರಿಪೇರಿಗೆ ಅಲ್ಲಿ ಆದಿನಾರಾಯಣ ಎಂಬುವವನಿದ್ದಾನೆಂದು ಆಂಡರ್ಸನ್‌ಪೇಟೆಯ ಸ್ಟವ್ ಅಂಗಡಿಯವರು ಹೇಳಿದ್ದರು. ನಾಳೆ ಬರುತ್ತೇನೆಂದ ಅವನನ್ನು ಬಿಡದೆ, ನಡೆದದ್ದನ್ನೆಲ್ಲ ಹೇಳಿ, ಅಂದೇ ಮಧ್ಯಾಹ್ನ ಅವನ ಬೈಕಿನ ಹಿಂದೆ ಕೂತು ಬಂದಳು.

ಆದಿನಾರಾಯಣ ಗೀಸರಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ. ಬರ್ನರಿನ ತೂತುಗಳಲ್ಲಿ ಧೂಳು ಗಟ್ಟಿಯಾಗಿತ್ತು. ಮೇಲಿನ ತಾಮ್ರದ ಸುರುಳಿಗೆ ಕಪ್ಪು ಮಸಿ ಮೆತ್ತಿತ್ತು. ಅವನು ತಲೆಯೆತ್ತಿ ವೆಂಟಿಲೇಟರ್ ಎಲ್ಲಿದೆಯೆಂದು ಹುಡುಕಿದ. ಅದನ್ನು ಸಿಮೆಂಟ್ ಶೀಟಿನಿಂದ ಮುಚ್ಚಿಬಿಟ್ಟಿದ್ದರು.

"ಅಮ್ಮಾ, ನೀವು ರೆಗ್ಯುಲೇಟರ್ ಕಿತ್ತಿದ್ದು ಒಳ್ಳೇದಾಯ್ತು. ಗಾಳಿ ಸಾಲ್ದೆ ಉರಿದ್ರೆ ಒಂಥರಾ ವಿಷದ ಗ್ಯಾಸು ಹುಟ್ತದೆ. ವಾಸನೆ ಇರಲ್ಲ, ಕಣ್ಣಿಗೆ ಕಾಣಲ್ಲ. ಚಿಲಕ ಹಾಕಿದ್ದಿದ್ರೆ ನಿಮ್ ಸೊಸೆ ಉಳೀತಿರ್ಲಿಲ್ಲ."

ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ರಾಧ ಎರಡು ಹೆಜ್ಜೆ ಹಿಂದೆ ಸರಿದಳು. ಆಗಷ್ಟೇ ಶಿಫ್ಟ್ ಮುಗಿಸಿ ಬಂದಿದ್ದ ಮುನಿರಾಜು ಶೂ ಬಿಚ್ಚುವುದನ್ನು ಮರೆತು ಅಲ್ಲೇ ನಿಂತ.

ಸದ್ದು ಕೇಳಿ ಕೆಳಗಿನ ಮನೆಯಿಂದ ಓನರ್ ವಿಜಯಕುಮಾರ್ ಮೇಲೆ ಬಂದ. "ಯಾರನ್ನ ಕೇಳಿ ಬಿಚ್ಚಿದ್ದು?" ಎಂದ. ಗೀಸರ್ ಹಾಕಿಸಿ ಎರಡೇ ವರ್ಷವಾಗಿದೆ, ನಾಲ್ಕು ಮನೆಗಳಲ್ಲೂ ಇದೇ ಇದೆ, ಯಾರಿಗೂ ಏನೂ ಆಗಿಲ್ಲ ಎಂದ. "ಚಿನ್ನದ ಗಣಿಯವ್ರು ಸುರಿದ ಸೈನೈಡ್ ಗುಡ್ಡದ ಧೂಳು ಒಳಗೆ ಬರ್ತದೆ ಅಂತ ಬಾಡಿಗೆಯವ್ರೇ ಹೇಳಿದ್ದು. ಅದಕ್ಕೇ ಮುಚ್ಚಿಸ್ದೆ. ಈಗ ಸರ್ವಿಸ್ ಮಾಡಿ ಹೋಗ್ರೀ, ಸಾಕು."

"ಬರೀ ಸರ್ವಿಸ್ ಮಾಡಿದ್ರೆ ಆಗಲ್ಲ ಸಾರ್. ಗೀಸರ್ ಬಾಲ್ಕನಿಗೆ ಬರ್ಬೇಕು. ವೆಂಟಿಲೇಟರ್ ತೆಗೀಬೇಕು," ಎಂದ ಆದಿನಾರಾಯಣ. ಇಂಥ ಓನರ್‌ಗಳಿಂದಲೇ ಅವನ ಹೊಟ್ಟೆ ತುಂಬಬೇಕಾದ್ದರಿಂದ ದನಿ ಮೆತ್ತಗಿತ್ತು. ಆದರೂ ಸ್ಪಾನರ್ ಕೈಗೆ ತೆಗೆದುಕೊಳ್ಳಲಿಲ್ಲ.

"ನನ್ನ ಗೋಡೆ ಒಡೆಯೋಕೆ ನೀನ್ಯಾರು? ಅಮ್ಮಾ, ಆ ರೆಗ್ಯುಲೇಟರ್ ಕೊಡಿ ಇಲ್ಲಿ."

ದ್ಯಾವಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು, "ಕೊಡ್ತೀನಪ್ಪ," ಎಂದಳು. "ಮೊದ್ಲು ನೀನು ಇಲ್ಲೇ ಸ್ನಾನ ಮಾಡು. ಬಾಗ್ಲಾಕ್ಕೊಂಡು, ಬಿಸಿನೀರು ಬಿಟ್ಕೊಂಡು ಅರ್ಧ ಗಂಟೆ ಇರು. ನಾನು ಹೊರಗೆ ಕುಂತಿರ್ತೀನಿ. ನಡ್ಕೊಂಡು ಈಚೆ ಬಂದ್ರೆ ರೆಗ್ಯುಲೇಟರ್ ನಿನ್ ಕೈಗೆ."

ವಿಜಯಕುಮಾರ್ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನು ಗೀಸರ್ ಕಡೆ ನೋಡಿದ, ಆಮೇಲೆ ಮುಚ್ಚಿದ ವೆಂಟಿಲೇಟರ್ ಕಡೆ. ಒಳಗೆ ಕಾಲಿಡಲಿಲ್ಲ.

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ," ಎಂದ.

ದ್ಯಾವಮ್ಮ ಬಾಯಿ ತೆರೆಯುವ ಮೊದಲೇ ಮುನಿರಾಜು ಮುಂದೆ ಬಂದ. "ಮಾಡ್ತೀವಿ ಸಾರ್. ಅಲ್ಲಿವರ್ಗೂ ನನ್ನ ಹೆಂಡ್ತಿ, ಮಗು ಇಲ್ಲಿ ಬದುಕಿರ್ಬೇಕಲ್ಲ." ಆದಿನಾರಾಯಣನ ಚೀಲದಿಂದ ಸುತ್ತಿಗೆ ಎತ್ತಿಕೊಂಡು ಒಳಗೆ ಹೋದ. ಮೂರು ಏಟಿಗೆ ಸಿಮೆಂಟ್ ಶೀಟ್ ಒಡೆದು ಆಚೆ ಬಿತ್ತು.

ಎದುರುಮನೆಯ ರೂಪ ಮೆಟ್ಟಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ದಾವಣಗೆರೆ ಕಡೆಯವಳು, ಗಂಡ ಅದೇ ಕಾರ್ಖಾನೆಯಲ್ಲಿದ್ದ. "ನಮ್ಮ ಹುಡುಗಿನೂ ಜಳಕ ಮಾಡಿ ಬಂದು ತಲಿನೋವು ಅಂತಾಳ್ರೀ. ಶಾಲಿ ತಪ್ಪಿಸಾಕ ನಾಟಕ ಅಂತ ಹೊಡದೀನಿ," ಎಂದಳು. ಆಮೇಲೆ ಆದಿನಾರಾಯಣನಿಗೆ, "ಇಲ್ಲಿ ಮುಗದ ಮ್ಯಾಲ ನಮ್ಮನಿಗೂ ಬರ್ರಿ," ಎಂದಳು.

ವಿಜಯಕುಮಾರ್ ಕೆಳಗಿಳಿದು ಹೋದ.

ಕತ್ತಲಾಗುವಷ್ಟರಲ್ಲಿ ಗೀಸರ್ ಬಾಲ್ಕನಿಯ ಗೋಡೆಗೆ ಬಂತು. ಆದಿನಾರಾಯಣ ಬರ್ನರ್ ಬಿಚ್ಚಿ ಬ್ರಷ್ಷಿನಿಂದ ಉಜ್ಜಿದ, ಸುರುಳಿಯ ಮಸಿ ತೆಗೆದ, ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಬಿಸಿನೀರಿನ ಪೈಪನ್ನು ವೆಂಟಿಲೇಟರಿನ ಒಂದು ಮೂಲೆಯಿಂದ ಒಳಗೆ ಬಿಟ್ಟ. ದ್ಯಾವಮ್ಮ ರೆಗ್ಯುಲೇಟರನ್ನು ಅವನ ಕೈಗೆ ಕೊಡಲಿಲ್ಲ, ತಾನೇ ಕೂರಿಸಿದಳು. ಉರಿ ನೀಲಿಯಾಗಿ ಎದ್ದಿತು.

"ವರ್ಷಕ್ಕೊಂದ್ಸಲ ಬಿಚ್ಚಿ ಕ್ಲೀನ್ ಮಾಡಿಸ್ಬೇಕಮ್ಮ. ಮಧ್ಯದಾಗೆ ಉರಿ ಬಣ್ಣ ಬದಲಾದ್ರೆ ಆಫ್ ಮಾಡಿ ಫೋನ್ ಮಾಡಿ," ಎಂದು ಆದಿನಾರಾಯಣ ಹೇಳಿ ರೂಪಳ ಮನೆಗೆ ಹೋದ.

ಮರುದಿನ ಸಂಜೆ ವಿಜಯಕುಮಾರ್ ಸ್ಕೂಟರ್ ಹತ್ತಿ ಹೋದ ಮೇಲೆ ಅವನ ಹೆಂಡತಿ ವನಿತಾ ಮೇಲೆ ಬಂದಳು. ಬಾಲ್ಕನಿಯಲ್ಲಿ ನಿಂತು ಗೀಸರನ್ನು ಬಹಳ ಹೊತ್ತು ನೋಡಿದಳು.

"ನಮ್ಮ ಬಾತ್‌ರೂಮಲ್ಲೂ ಕಿಟಕಿ ಮುಚ್ಚಿಸಿದ್ದಾರೆ ಅಮ್ಮ. ಒಂದ್ಸಲ ಬಂದು ನೋಡ್ತೀರಾ?"

"ನಿನ್ ಗಂಡ ಏನೂ ಅನ್ನಲ್ವಾ?"

"ಅಂತಾರೆ. ಅನ್ಲಿ."

ದ್ಯಾವಮ್ಮ ಮಗುವನ್ನು ರಾಧಳಿಗೆ ಕೊಟ್ಟು, ಮುನಿರಾಜುವಿನಿಂದ ಆದಿನಾರಾಯಣನ ನಂಬರ್ ಬರೆಸಿಕೊಂಡು, ವನಿತಾಳ ಹಿಂದೆ ಮೆಟ್ಟಿಲಿಳಿದಳು. ತಿಂಗಳ ಕೊನೆ ಬಂತು, ಹೋಯಿತು. ಮನೆ ಖಾಲಿ ಮಾಡಿ ಎಂಬ ಮಾತನ್ನು ವಿಜಯಕುಮಾರ್ ಮತ್ತೆ ಎತ್ತಲಿಲ್ಲ. ಆದರೆ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ದ್ಯಾವಮ್ಮ ಮಾತ್ರ ಪ್ರತಿ ಸಲವೂ ನಿಂತು, "ಊಟ ಆಯ್ತೇನಪ್ಪ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು.