ನಿಲ್ಲಬಾರದ ಗಾಡಿ

ಡಾಂಬರಿನ ಹರಳುಗಳು ಇಷ್ಟು ದಪ್ಪ ಇರುತ್ತವೆಯೇ, ಒಂದೊಂದೂ ಕಡಲೆಕಾಳಿನಷ್ಟು, ಕಣ್ಣ ಕೆಳಗೇ ಹರಿದು ಹೋಗುತ್ತಿವೆ, ಕೈ ಇಳಿಬಿಟ್ಟರೆ ಬೆರಳಿಗೆ ತಾಗುತ್ತವೆ, ಜೀವಮಾನವೆಲ್ಲ ರಸ್ತೆಯ ಮೇಲೇ ಕಳೆದವನು ರಸ್ತೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲವಲ್ಲ ಎಂದು ಅವನಿಗೆ ಅನ್ನಿಸುತ್ತದೆ. ಅವನ ಗಾಡಿಯ ಸೀಟು ಎತ್ತರ, ಅಲ್ಲಿಂದ ಕಾಣುವುದು ಜನರ ತಲೆಗಳು, ಮಾತು ಅರ್ಧಕ್ಕೇ ನಿಲ್ಲಿಸುವವರು, ಮುಖ ಆಚೆ ತಿರುಗಿಸುವವರು, ಸರಕ್ಕನೆ ಪಕ್ಕಕ್ಕೆ ಸರಿಯುವ ಸ್ಕೂಟರುಗಳು — ಹೆಣದ ಗಾಡಿಗೆ ದಾರಿ ಬಿಡದವರು ಯಾರಿದ್ದಾರೆ, ಹಾರನ್ ಒತ್ತುವ ಪ್ರಮೇಯವೇ ಬಂದಿಲ್ಲ, ಅದರ ಗುಂಡಿ ಕೆಟ್ಟು ಎಷ್ಟೋ ಕಾಲವಾಗಿದೆ, ರಿಪೇರಿ ಮಾಡಿಸಬೇಕು ಅಂತಲೂ ಅನ್ನಿಸಿಲ್ಲ. ಈಗ ನೋಡಿದರೆ ಹೀಗೆ, ಓಟದ ಪುಟ್ಟ ಗಾಡಿಯೊಂದರಲ್ಲಿ, ನೆಲಕ್ಕೆ ಪೃಷ್ಠ ತಾಗುವಂತೆ ಕೂತು, ಮೊಣಕಾಲು ಸ್ಟೀರಿಂಗಿನ ಎರಡು ಪಕ್ಕಕ್ಕೆ, ಪಕ್ಕೆಲುಬು ಸೀಟಿನ ಅಂಚಿಗೆ ಒತ್ತಿ, ತಲೆಯ ಮೇಲೆ ಮಗಳ ಹೆಲ್ಮೆಟ್, ಅದು ಕೆನ್ನೆಯನ್ನು ಹೇಗೆ ಹಿಂಡುತ್ತದೆಂದರೆ ತುಟಿ ಮುಂದಕ್ಕೆ ಚಾಚಿಕೊಂಡಿದೆ, ಈ ವಯಸ್ಸಲ್ಲಿ ನಿಮಗ್ಯಾಕ್ರೀ ಇದೆಲ್ಲ, ಮಗು ಆಟ ಆಡಿದ ಹಾಗೆ, ಎಂದಿದ್ದಳು ಹೆಂಡತಿ ಬೆಳಿಗ್ಗೆ, ಹೇಳುತ್ತಲೇ ಅವನ ಅಂಗಿಯ ಮೊಣಕೈಗೆ ಹಳೆಯ ರಗ್ಗಿನ ತುಂಡು ಹೊಲಿದು ಕೊಟ್ಟಿದ್ದಳು.

ಮಗಳು ಕೇಳಿದಳಲ್ಲ, ಅದಕ್ಕೆ. ಅಷ್ಟೇ ಉತ್ತರ, ಆದರೆ ಹೆಂಡತಿಗೆ ಅದನ್ನು ಹೇಳದೆ ಅಂಗಿ ತೊಟ್ಟು ಹೊರಟಿದ್ದ. ಮಗಳು ಅವನನ್ನು ಏನನ್ನೂ ಕೇಳದೆ ಎಷ್ಟು ಕಾಲವಾಯಿತು, ಶಾಲೆಗೆ ಹೋಗುವಾಗ ಅವನ ಗಾಡಿಯಲ್ಲಿ ಮುಂದೆ ಕೂತು ಬರುತ್ತಿದ್ದಳು, ಆಮೇಲೆ ಒಂದು ಬೀದಿ ಮೊದಲೇ ಇಳಿಸು ಎಂದಳು, ಆಮೇಲೆ ಹತ್ತುವುದನ್ನೇ ಬಿಟ್ಟಳು, ಯಾರು ಏನಂದರೋ, ಪಕ್ಕದ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡಳೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ, ಇಬ್ಬರೂ ಒಂದೇ ತಟ್ಟೆಸ್ಟ್ಯಾಂಡಿನಿಂದ ತಟ್ಟೆ ತೆಗೆದುಕೊಂಡು ಬೇರೆ ಬೇರೆ ಹೊತ್ತಿಗೆ ಉಂಡರು. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಹೋಗುತ್ತಾಳೆಂದು ಗೊತ್ತಿತ್ತು, ಉಗುರಿನ ಸಂದಿಯ ಗ್ರೀಸು ನೋಡಿ ಖುಷಿಯೂ ಪಟ್ಟಿದ್ದ, ಅಲ್ಲಿ ಅವಳೇ ಕೊಳವೆ ಬೆಸುಗೆ ಹಾಕಿ, ಅಚ್ಚು ಕೂರಿಸಿ, ಒಂದು ಗೋ-ಕಾರ್ಟ್, ಇದೇ ಓಟದ ಗಾಡಿ, ಕಟ್ಟುತ್ತಿದ್ದಾಳೆಂದು ಗೊತ್ತಾದದ್ದು ಅದನ್ನು ಓಡಿಸಿ ನೋಡುವಾಗ ಬಿದ್ದು ಹೆಗಲ ಮೂಳೆ ಮುರಿದುಕೊಂಡು, ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಬಂದಾಗಲೇ. ಬಾಗಿಲಲ್ಲೇ ನಿಂತಳು. ಅಪ್ಪ, ಭಾನುವಾರ ಹೊಸಬರ ಓಟ ಇದೆ, ಯಾವ ವಯಸ್ಸಿನವ್ರಾದ್ರೂ ಆಗತ್ತೆ, ನನಗೆ ಬೇರೆ ಯಾರೂ ಇಲ್ಲ, ನೀನು ಓಡಿಸ್ತೀಯಾ? ನನಗೆ ಬೇರೆ ಯಾರೂ ಇಲ್ಲ ಎಂದಳು, ಅದನ್ನು ಅವನು ಒಳಗೊಳಗೇ ಎಷ್ಟು ಸಲ ಹೇಳಿಕೊಂಡಿದ್ದಾನೋ.

ಗ್ಯಾರೇಜಿನ ಯಜಮಾನ ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ, ಎಂಜಿನ್ ಅವನದು, ಮಗಳಿಗೆ ಅಂದಿದ್ದ, ನೋಡಮ್ಮ, ನೀನು ಕಟ್ಟಿರೋ ಗಾಡಿ ಓಟ ಪೂರ್ತಿ ಮಾಡಿ ಗೆರೆ ದಾಟ್ಲಿ, ಎಷ್ಟನೇದಾಗಾದ್ರೂ ಬರ್ಲಿ, ಸೋಮವಾರದಿಂದ ನಿನಗೆ ನನ್ನ ಗ್ಯಾರೇಜಲ್ಲಿ ಸ್ವಂತ ಕೆಲಸದ ಬೆಂಚು, ಕಟ್ಟೋ ಕೆಲಸ ನಿಂದೇ, ಅರ್ಧಕ್ಕೆ ನಿಲ್ತೋ, ಎಂಜಿನ್ ಬಿಚ್ಕೋತೀನಿ, ಉಳಿದದ್ದು ಗುಜರಿಗೆ. ಅರ್ಧಕ್ಕೆ ನಿಲ್ಲಬಾರದು, ಅಷ್ಟೇ ವಿಷಯ. ವಾರವಿಡೀ ಮಗಳು ಅದನ್ನೇ ಅವನ ತಲೆಗೆ ತುಂಬಿದಳು, ಅವಳು ಸ್ಟೂಲಿನ ಮೇಲೆ ಕೂತು ಹೇಳುವುದು, ಅವನು ನೆಲದ ಮೇಲೆ ಕೂತು ಮಾಡುವುದು, ಅವಳಿಗೆ ಇವನ ಕೈಗಳೇ ಕೈ. ಚೈನು ಬೆರಳಲ್ಲಿ ಒತ್ತಿ ನೋಡಪ್ಪ, ಸ್ವಲ್ಪ ಆಡಬೇಕು, ಬಿಗಿಯಾದ್ರೆ ತುಂಡಾಗತ್ತೆ, ಸಡಿಲ ಆದ್ರೆ ಕಳಚತ್ತೆ. ಟೈರಿಗೆ ಗಾಳಿ ಬೆಳಿಗ್ಗೆ ಕಮ್ಮಿ ಇಡು, ಓಡ್ತಾ ಬಿಸಿಯಾಗಿ ತಾನೇ ಏರತ್ತೆ. ಬ್ರೇಕಿನ ಪಿನ್ನಿಗೆ ತಂತಿ ಸುತ್ತು. ಅಯ್ಯೋ ಅಷ್ಟು ಮೆತ್ತಗೆ ಅಲ್ಲಪ್ಪ, ಅದೇನು ನೋಯುತ್ತಾ. ಆಗ ಇಬ್ಬರಿಗೂ ನಗು ಬಂತು, ಅವಳು ನಕ್ಕಾಗ ಮೂಳೆ ನೋಯುತ್ತದೆಂದು ಹೆಗಲು ಹಿಡಿದುಕೊಂಡು ನಕ್ಕಳು, ಅವನು ಒರೆಸುತ್ತಿದ್ದ ಬಟ್ಟೆಯನ್ನು ನೋಡಿಕೊಂಡ, ಗಾಡಿಯನ್ನು ಮುಂಭಾಗದಿಂದ ಶುರುಮಾಡಿ ಹಿಂಭಾಗದವರೆಗೆ ಒಂದೇ ದಿಕ್ಕಿಗೆ ಒರೆಸುತ್ತಿದ್ದಾನೆ, ಸತ್ತವರ ಮೈ ಒರೆಸುವ ಹಾಗೆ. ಆಮೇಲೆ ಇನ್ನೊಂದು ಮಾತು, ಅದನ್ನು ಅವಳು ನಗದೆ ಹೇಳಿದ್ದು, ಅಪ್ಪ, ಇದಕ್ಕೆ ಕ್ಲಚ್ ಇಲ್ಲ, ಚಕ್ರ ನಿಂತ್ರೆ ಎಂಜಿನ್ನೂ ನಿಲ್ಲತ್ತೆ, ಮತ್ತೆ ಶುರುವಾಗ್ಬೇಕಂದ್ರೆ ಹಿಂದಿಂದ ತಳ್ಕೊಂಡು ಓಡ್ಬೇಕು, ಓಟದ ಮಧ್ಯೆ ಬೇರೆಯವರು ತಳ್ಳೋ ಹಾಗಿಲ್ಲ, ನಿಂಗೊಬ್ಬಂಗೇ ಆಗಲ್ಲ. ಏನೇ ಆಗ್ಲಿ, ಮುಂದೆ ಯಾರೇ ಬೀಳ್ಲಿ, ನೋಡ್ಕೊಳ್ಳೋಕೆ ಬಾವುಟದವರಿದಾರೆ, ನೀನು ನಿಧಾನ ಮಾಡಿ ಪಕ್ಕದಲ್ಲಿ ಹೋಗ್ತಾ ಇರು, ನಿಲ್ಲಬೇಡ. ಆಯ್ತು ಪುಟ್ಟಿ, ನಿಲ್ಲಲ್ಲ.

ಕಾರ್ಟನ್ನು ಇಲ್ಲಿಗೆ, ಓಟದ ಮೈದಾನಕ್ಕೆ, ತಂದದ್ದು ಹೆಣದ ಗಾಡಿಯಲ್ಲೇ, ಇನ್ನು ಯಾವುದರಲ್ಲಿ ತರುತ್ತಾನೆ, ಹಿಂದೆ ಉದ್ದಕ್ಕೆ ಜಾಗ, ಪಟ್ಟಿ ಕಟ್ಟಲು ಕೊಂಡಿ, ಕಾರ್ಟ್ ಹೇಳಿ ಮಾಡಿಸಿದ ಹಾಗೆ ಕೂತಿತು. ಮಗಳು ಬಸ್ಸಿನಲ್ಲಿ ಬಂದಳು. ಅವನು ಹಿಂಬಾಗಿಲು ತೆಗೆದಾಗ ಸುತ್ತಲಿದ್ದವರು ಗಪ್‌ಚಿಪ್, ಸ್ಪ್ಯಾನರು ಹಿಡಿದ ಕೈಗಳು ಹಾಗೇ ನಿಂತವು, ಕೆಂಪು ಹೆಲ್ಮೆಟ್ಟಿನ ಒಬ್ಬ ಮಾತ್ರ, ಹಲ್ಲಿನ ಡಾಕ್ಟರು ಅಂತೆ, ಅವನೂ ಹೊಸಬನೇ, ಹತ್ತಿರ ಬಂದು ಇಣುಕಿ, ಏನ್ರೀ ಇದು, ಓಟ ಶುರುವಾಗೋ ಮುಂಚೆನೇ ಹೆಣದ ಗಾಡಿ ತಂದು ನಿಲ್ಸಿಬಿಟ್ರಲ್ಲ, ನಮ್ಮ ಮೇಲೆ ಅಷ್ಟು ನಂಬಿಕೆನಾ ಎಂದ, ಎಲ್ಲರೂ ಉಸ್ಸಪ್ಪಾ ಎಂದು ನಕ್ಕರು, ಅವನೂ ನಕ್ಕ, ಮಗಳು ಮಾತ್ರ ನಗಲಿಲ್ಲ, ಬಗ್ಗಿ ಚೈನು ನೋಡುವವಳ ಹಾಗೆ ಮುಖ ತಗ್ಗಿಸಿದಳು. ಅದು ನೆನಪಾದರೆ ಈಗಲೂ ಎದೆಯಲ್ಲಿ ಏನೋ ಚುಚ್ಚುತ್ತದೆ, ಅವಳಿಗೋಸ್ಕರ, ತನಗಲ್ಲ, ಅವನಿಗೆ ಇಂಥದ್ದೆಲ್ಲ ನೀರು ಕುಡಿದಷ್ಟು ಸಲೀಸು.

ಮೊದಲ ಸುತ್ತು ಓಟವಲ್ಲ, ಎಲ್ಲರೂ ಸಾಲಾಗಿ, ನಿಧಾನ, ಒಬ್ಬರ ಹಿಂದೊಬ್ಬರು, ಗೆರೆಯ ಹತ್ತಿರ ಬಾವುಟ ಬಿದ್ದ ಮೇಲೆ ಓಟ. ಎಂಥ ಸೊಗಸು, ಇದು ಅವನ ಕಸುಬೇ, ಸಾಲು ಕೆಡದಂತೆ, ಅಂತರ ಹಿಗ್ಗದಂತೆ ಕುಗ್ಗದಂತೆ, ಮುಂದಿನವರ ಎಂಜಿನ್ನುಗಳು ಈ ನಿಧಾನಕ್ಕೆ ಒಗ್ಗದೆ ಕೆಮ್ಮುತ್ತಿವೆ, ಅವನದು ಮಾತ್ರ ಒಂದೇ ಶ್ರುತಿಯಲ್ಲಿ, ಹಿಂದೆ ಮಲಗಿರುವವರ ತಲೆ ಅಲುಗಬಾರದು, ಪಕ್ಕದಲ್ಲಿ ಕೂತು ಅಳುವವರು ಆಸರೆಗೆ ಕಂಬಿ ಹಿಡಿಯುವ ಹಾಗಾಗಬಾರದು, ತಿರುವಿನಲ್ಲಿ ಸ್ಟೀರಿಂಗ್ ಎಣ್ಣೆಯ ಹಾಗೆ ಜಾರಬೇಕು — ಅಯ್ಯೋ, ಬಾವುಟ, ಬಾವುಟ ಬಿತ್ತು, ಎಲ್ಲರೂ ಹೋದರು, ಸದ್ದು ಮೈಮೇಲೆ ಬಿದ್ದ ಹಾಗಾಯಿತು, ಎಡದಿಂದ ಒಬ್ಬ, ಬಲದಿಂದ ಇಬ್ಬರು, ಮುಖಕ್ಕೆ ರಬ್ಬರಿನ ಚೂರು, ಒತ್ತು, ಬಲಗಾಲು ಒತ್ತು, ಒತ್ತಿದ, ಬೆನ್ನು ಸೀಟಿಗೆ ಅಂಟಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಹಿಂದೆಯೇ ಉಳಿದ ಹಾಗೆ.

ಈಗ ಎದುರಿಗೆ ಒಂದು ನೀಲಿ ಗಾಡಿ, ಅವನಿಗಿಂತ ನಿಧಾನ, ಸ್ಪಷ್ಟವಾಗಿ ನಿಧಾನ, ಅವನು ಅದರ ಹಿಂದೆಯೇ ಹೋಗುತ್ತಿದ್ದಾನೆ, ಒಂದು ಸುತ್ತು, ಮತ್ತೊಂದು ಸುತ್ತು, ಬಿಡುತ್ತಾನೆ, ಈಗ ಬಿಡುತ್ತಾನೆ, ಇಷ್ಟು ಹತ್ತಿರ ಬಂದರೆ ಸರಿಯಲೇಬೇಕಲ್ಲ, ತಂತಿಬೇಲಿಯ ಹತ್ತಿರ ಮಗಳು, ಸರಿಯಿದ್ದ ಕೈಯನ್ನು ಗಾಳಿಯಲ್ಲಿ ಬೀಸುತ್ತಾಳೆ, ಹೋಗು ಹೋಗು, ಏನು ಹೇಳುತ್ತಿದ್ದಾಳೆ, ಮತ್ತೆ ಅದೇ ಜಾಗ, ಮತ್ತೆ ಅದೇ ಕೈ, ಆಗ ಅವನಿಗೆ ಹೊಳೆಯಿತು, ಥೂ, ತಾನು ಕಾಯುತ್ತಿದ್ದಾನೆ, ದಾರಿ ಬಿಡಲಿ ಎಂದು ಕಾಯುತ್ತಿದ್ದಾನೆ, ಇಲ್ಲಿ ಯಾರು ಯಾಕೆ ದಾರಿ ಬಿಡುತ್ತಾರೆ, ಇಲ್ಲಿ ಅವನ ಹಿಂದೆ ಯಾರೂ ಮಲಗಿಲ್ಲ, ಅವನನ್ನು ಕಂಡು ಮುಖ ತಿರುಗಿಸುವವರಿಲ್ಲ, ಎಲ್ಲರಂತೆ ಅವನೂ ಒಬ್ಬ, ದಾರಿ ತಾನೇ ಮಾಡಿಕೊಳ್ಳಬೇಕು. ತಿರುವಿನ ಒಳಗಿಂದ ನುಗ್ಗಿದ. ಚಕ್ರಕ್ಕೆ ಚಕ್ರ ಇನ್ನೇನು ಉಜ್ಜಬೇಕು, ಉಜ್ಜಲಿಲ್ಲ, ನೀಲಿ ಹಿಂದಾಯಿತು. ನಗುತ್ತಿದ್ದಾನೆ, ಹೆಲ್ಮೆಟ್ಟಿನೊಳಗೆ ಒಬ್ಬನೇ, ಬಾಯಿಬಿಟ್ಟು, ಎಷ್ಟು ಕಾಲವಾಯಿತು ಹೀಗೆ ನಕ್ಕು, ಮತ್ತೊಬ್ಬನನ್ನೂ ದಾಟಿದ, ನೇರ ದಾರಿಯಲ್ಲಿ ಕಾಲನ್ನು ಪೂರ್ತಿ ಒತ್ತಿ ಹಿಡಿದ, ಮೈಯ ಮೂಳೆಮೂಳೆಯೂ ನಡುಗುತ್ತದೆ, ಬದುಕಿದ್ದೇನೆ ಎಂದುಕೊಂಡ, ಸುಮ್ಮನೆ, ಇನ್ನೇನೂ ಅಲ್ಲ, ಬದುಕಿದ್ದೇನೆ, ಬೇಲಿಯ ಹತ್ತಿರ ಅವಳು ಕುಣಿಯುತ್ತಿದ್ದಾಳೆ, ಮುರಿದ ಹೆಗಲು ಮರೆತು ಕುಣಿಯುತ್ತಿದ್ದಾಳೆ, ಪಕ್ಕದಲ್ಲಿ ಗ್ಯಾರೇಜಿನ ಯಜಮಾನ ಕೈಕಟ್ಟಿಕೊಂಡು ನಿಂತಿದ್ದಾನೆ, ಕೊನೆಯ ಸುತ್ತಿನ ಫಲಕ ತೋರಿಸಿದರು, ಇದೊಂದು ಸುತ್ತು, ಪುಟ್ಟಿ, ಇದೊಂದೇ ಸುತ್ತು.

ಕೆಂಪು ಹೆಲ್ಮೆಟ್ ಮುಂದಿದೆ. ಡಾಕ್ಟರು ಇನ್ನೊಬ್ಬನ ಪಕ್ಕಕ್ಕೆ ಹೋಗುತ್ತಾನೆ, ಜಾಗ ಸಾಲದು, ಅಲ್ಲಿ ಜಾಗ ಸಾಲದು ಕಣ್ರೀ, ಮುಂಚಕ್ರ ಅವನ ಹಿಂಚಕ್ರದ ಮೇಲೇರಿತು, ಗಾಡಿ ಎದ್ದಿತು, ಅಷ್ಟು ಹಗುರವಾಗಿ, ಯಾರೋ ತಿರುವಿ ಹಾಕಿದ ಹಾಗೆ ಮಗುಚಿತು, ಮನುಷ್ಯ ಆಚೆ ಬಿದ್ದ, ಉರುಳಿದ, ಹುಲ್ಲಿನ ಅಂಚಿನಲ್ಲಿ ಅಲ್ಲಾಡದೆ ಉಳಿದ. ಒಂದು ಕಾಲು ಇನ್ನೊಂದರ ಅಡಿಯಲ್ಲಿ. ಹಳದಿ ಬಾವುಟ. ನಿಧಾನ ಮಾಡು, ಮಾಡಿದ, ಪಕ್ಕದಲ್ಲಿ ಹೋಗು, ಪಕ್ಕದಲ್ಲಿ ಜಾಗವಿದೆ, ಬೇಕಾದಷ್ಟಿದೆ, ಒಬ್ಬ ಹೋದ, ಇನ್ನೊಬ್ಬ ಹೋದ, ನೋಡಿಕೊಳ್ಳೋಕೆ ಬಾವುಟದವರಿದಾರೆ, ಬಾವುಟದವರು ಓಡಿ ಬರುತ್ತಿದ್ದಾರೆ, ದೂರ ಇದ್ದಾರೆ, ಇನ್ನೂ ದೂರ, ಆ ಕಾಲು ಹಾಗೆ ಮಡಚಿ ಬಿದ್ದಿದೆ, ಹಾಗೆ ಬಿಡಬಾರದು, ಹಾಗೆ ಬಿಟ್ಟರೆ ಆಮೇಲೆ ನೆಟ್ಟಗಾಗುವುದಿಲ್ಲ, ಯಾರಾದರೂ ಅದನ್ನು, ಎಡಗಾಲು, ಬ್ರೇಕಿನ ಮೇಲಿದ್ದ ಎಡಗಾಲು, ಅವನನ್ನು ಕೇಳದೆಯೇ ಒತ್ತಿತು. ಎಂಜಿನ್ ಒಂದು ಸಲ ಬಿಕ್ಕಿತು. ನಿಂತಿತು. ಎಷ್ಟು ಮೌನ. ಹೆಲ್ಮೆಟ್ ಕಿತ್ತು ಬಿಸಾಡಿ ಎದ್ದು ಬಂದದ್ದು ಗೊತ್ತು, ಮಂಡಿಯೂರಿದ್ದು ಗೊತ್ತು, ಕೈಗಳಿಗೆ ಅವುಗಳದೇ ಅಭ್ಯಾಸ, ಮೊದಲು ಕಾಲು, ಹಿಮ್ಮಡಿ ಹಿಡಿದು ಮೆಲ್ಲಗೆ ಎಳೆದು ಜೋಡಿಸುವುದು, ಕೈ ಮೈಪಕ್ಕಕ್ಕೆ, ಆಮೇಲೆ ಮುಖ, ಕಣ್ಣು ಮುಚ್ಚಬೇಕು, ಅದಕ್ಕೆ ಹೆಲ್ಮೆಟ್ಟಿನ ಗಾಜು ಎತ್ತಬೇಕು, ಬೆರಳು ಗಾಜಿನ ಅಂಚಿಗೆ ಹೋಯಿತು, ಗಾಜಿನ ಒಳಗೆ ಬಿಳಿ, ಒಂದು ಬಿಳಿ ಮಸುಕು, ತುಟಿಯ ಎದುರಿಗೆ, ಆರಿತು. ಮತ್ತೆ ಕಟ್ಟಿತು.

ಯಾರ್ರೀ ಅದು ಕಾಲು ಎಳೀತಿರೋದು, ಬಿಡ್ರೀ, ಇನ್ನೂ ಇದೀನಿ. ಒಳಗಿಂದ ದನಿ, ಕೀರಲು, ಸಿಟ್ಟು, ಅಮ್ಮಾ ಎಂಬ ನರಳು. ಅವನು ಕೈ ಹಿಂದಕ್ಕೆಳೆದುಕೊಂಡ, ಕೆಂಡ ಮುಟ್ಟಿದವನ ಹಾಗೆ, ಬಿಸಿ, ಆ ಮೈ ಬಿಸಿಯಿತ್ತು, ಅಂಗೈಯಲ್ಲಿ ಇನ್ನೂ ಇದೆ. ಏಳ್ರೀ ಪಕ್ಕಕ್ಕೆ, ನಿಮಗ್ಯಾರು ನಿಲ್ಲೋಕೆ ಹೇಳಿದ್ದು, ಗಾಯ ಆದವರನ್ನ ಅಲುಗಾಡಿಸಬಾರದು ಅಂತ ಗೊತ್ತಿಲ್ವಾ, ಬಾವುಟದವರು ಬಂದರು, ಭುಜ ಹಿಡಿದು ಎಬ್ಬಿಸಿ ಆಚೆ ಹುಲ್ಲಿನ ಮೇಲೆ ಕೂರಿಸಿದರು, ಸರಿ, ಅವರು ಹೇಳಿದ್ದು ಸರಿ, ಅಲುಗಿದರೆ ನೋಯುವವರನ್ನು ಅವನ ಕೈ ಯಾವತ್ತು ಮುಟ್ಟಿದೆ. ಆಚೆ ಗೆರೆಯ ಹತ್ತಿರ ಒಬ್ಬೊಬ್ಬರೇ ದಾಟುತ್ತಿದ್ದಾರೆ, ನೀಲಿ ಗಾಡಿಯೂ ದಾಟಿತು, ಅದೇ ಕೊನೆಯದು, ಚೌಕುಳಿ ಬಾವುಟವನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. ಮಗಳ ಗಾಡಿ ದಾರಿಯ ಮಧ್ಯೆ ನಿಂತಿದೆ, ಏನೂ ಆಗಿಲ್ಲ ಅದಕ್ಕೆ, ಚೈನು ಸರಿಯಿದೆ, ಟೈರು ಸರಿಯಿದೆ, ಅವಳು ಕಟ್ಟಿದ್ದೆಲ್ಲ ಸರಿಯಿದೆ, ಅವನೊಬ್ಬನನ್ನು ಬಿಟ್ಟು. ಗ್ಯಾರೇಜಿನ ಯಜಮಾನ ತಲೆಯಾಡಿಸಿ ತನ್ನ ವ್ಯಾನಿನ ಕಡೆ ನಡೆಯುತ್ತಿದ್ದಾನೆ, ಸ್ಪ್ಯಾನರು ಪೆಟ್ಟಿಗೆ ತರಲು ಇರಬೇಕು, ಆಡಿದ ಮಾತಿಗೆ ತಪ್ಪುವವನಲ್ಲ.

ಮಗಳು ಬರುತ್ತಿದ್ದಾಳೆ, ಬೇಲಿಯ ಬಾಗಿಲು ದಾಟಿ, ಓಡುತ್ತಿಲ್ಲ, ನಡೆಯುತ್ತಿದ್ದಾಳೆ, ಜೋಲಿಯೊಳಗಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಏನು ಹೇಳುತ್ತಾನೆ, ನಿಲ್ಲಲ್ಲ ಎಂದವನು ನಿಂತೆ ಪುಟ್ಟಿ, ನಿನ್ನ ಬೆಂಚು ನನ್ನ ಕಾಲಡಿಯಲ್ಲಿ ಹೋಯಿತು, ಬಿದ್ದವರನ್ನು ಕಂಡರೆ ಹೋಗಿ ಎತ್ತುವುದೊಂದೇ ನನಗೆ ಗೊತ್ತಿರುವುದು, ಅದಕ್ಕೂ ಈ ಸಲ ನಾನು ತಪ್ಪಾಗಿಯೇ ಹೋದೆ, ಸತ್ತಿದ್ದಾನೆಂದೇ ಹೋದೆ, ಇದನ್ನೆಲ್ಲ ಹೇಗೆ ಹೇಳುವುದು. ನಿಂತುಬಿಟ್ಯಲ್ಲಪ್ಪ. ಅಷ್ಟೇ ಅಂದಳು. ಕಣ್ಣು ತುಂಬಿದೆ, ಸಿಟ್ಟೂ ಇದೆ, ಇರಲಿ, ಇರಬೇಕಾದ್ದೇ. ಅವನ ಪಕ್ಕ ಹುಲ್ಲಿನ ಮೇಲೆ ಕೂತಳು, ಎಷ್ಟು ಹತ್ತಿರವೆಂದರೆ ಜೋಲಿಯ ಬಟ್ಟೆ ಅವನ ಮೊಣಕೈಗೆ ತಾಗುತ್ತದೆ, ಸ್ಟ್ರೆಚರಿನ ಮೇಲಿನ ಕೆಂಪು ಹೆಲ್ಮೆಟ್ಟನ್ನು ನೋಡಿದಳು, ಅವನ ಕೈಗಳನ್ನು ನೋಡಿದಳು, ತುಂಬ ಹೊತ್ತು ಅವನ್ನೇ ನೋಡಿದಳು. ಅಪ್ಪ, ಅವ್ರು ಇದಾರಾ? ಹೂಂ ಎನ್ನಬೇಕು, ಒಂದು ಹೂಂ, ಅಂಗೈ ಬಿಡಿಸಿ ಅವಳಿಗೆ ತೋರಿಸುತ್ತಾನೆ, ಇನ್ನೂ ಬಿಸಿಯಿದೆ, ಇಷ್ಟು ಜನರನ್ನು ಒಯ್ದಿದ್ದಾನೆ, ಅವರಲ್ಲಿ ಒಬ್ಬರಾದರೂ, ಒಂದೇ ಒಂದು ಸಲವಾದರೂ ಉಸಿರಾಡಿದ್ದಿಲ್ಲ, ಇಲ್ಲಿ ಗಾಜಿನ ಒಳಗೆ, ತುಟಿಯ ಎದುರಿಗೆ, ಬಿಳಿ ಮಸುಕು, ಕಟ್ಟಿತು, ಆರಿತು, ಕಟ್ಟಿತು —